ಹರಿಹರಕ್ಕೆ ಬಂದ ಸಮುದ್ರದ ನೀರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಹುಣಸೆಮರ, ಬಿಳಿ ಸೀರೆ, ಗೆಜ್ಜೆ ಸದ್ದು... ಎಲ್ಲ ಕುಡಿದವರ ಕಣ್ಣಿಗೆ ಬೀಳುವಂಥವು. ಆದರೆ ಈಗ ಹೇಳುತ್ತಿರುವುದು ನನ್ನ ಮೂಗಿಗೆ, ನನ್ನ ಕೈಗೆ, ನನ್ನ ಕಿವಿಗೇ ಆದದ್ದು. ನಂಬದವರು ನಂಬುವುದು ಬೇಡ. ನನಗಂತೂ ಅದನ್ನು ಸುಳ್ಳೆಂದು ತಳ್ಳಿಹಾಕುವ ಭಾಗ್ಯವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ದಾವಣಗೆರೆಯ ಆನೆಕೊಂಡದವನು, ಹೆಸರು ಬಸವರಾಜ. ಹರಿಹರದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಆ ವರ್ಷ ನಮ್ಮ ಮಾಲೀಕರಿಗೆ ಒಂದು ವಿಚಿತ್ರ ಕೆಲಸ ಸಿಕ್ಕಿತು. ಹೊರದೇಶದಲ್ಲೆಲ್ಲೋ ಸಮುದ್ರದ ನೀರಿನಿಂದ ಕರೆಂಟು ತೆಗೆಯುವ ಪ್ರಯೋಗ ನಡೆದಿತ್ತಂತೆ. ರಾತ್ರಿ ಕರೆಂಟು ಮಿಕ್ಕಾಗ ಸಮುದ್ರದ ನೀರನ್ನು ಗುಡ್ಡದ ಮೇಲಿನ ಕೆರೆಗೆ ಪಂಪು ಮಾಡುವುದು, ಹಗಲು ಬೇಕಾದಾಗ ಅದೇ ನೀರನ್ನು ಕೆಳಗೆ ಬಿಟ್ಟು ಯಂತ್ರ ತಿರುಗಿಸುವುದು. ನಮ್ಮಲ್ಲೂ ಅಂಥದ್ದು ಕಟ್ಟಬೇಕೆಂದು ಯಾರಿಗೋ ಹುಕಿ ಬಂದಿತ್ತು. ಉಪ್ಪುನೀರಿಗೆ ಯಾವ ಪೈಪು, ಯಾವ ಬಣ್ಣ ತಡೆಯುತ್ತದೆ ಎಂದು ನೋಡಲು ಒಂದು ಸಣ್ಣ ಮಾದರಿ ಕಟ್ಟಿ ನಡೆಸಿರಿ ಎಂದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಿದ್ದರೂ ನಾವು ಕಾರವಾರದ ಕಡೆಯಿಂದ ಟ್ಯಾಂಕರುಗಳಲ್ಲಿ ಸಮುದ್ರ ತರಿಸಿಕೊಂಡೆವು!

ಶೆಡ್ಡಿನ ಒಳಗೆ ನೆಲದಲ್ಲಿ ಒಂದು ತೊಟ್ಟಿ, ಹೊರಗೆ ಎತ್ತರದ ಕಂಬಗಳ ಮೇಲೆ ಇನ್ನೊಂದು. ನಡುವೆ ಗೋಡೆ ತೂರಿಕೊಂಡು ಓರೆಯಾಗಿ ಹತ್ತುವ ಕಬ್ಬಿಣದ ಪೈಪು, ಒಬ್ಬ ಮನುಷ್ಯ ತೆವಳಿಕೊಂಡು ಹೋಗುವಷ್ಟು ಅಗಲ. ಪೈಪಿಗೆ ಕೆಳಗೊಂದು ಬಾಯಿ, ಮೇಲೊಂದು ಬಾಯಿ, ಎರಡಕ್ಕೂ ಬೋಲ್ಟು ಹಾಕುವ ಮುಚ್ಚಳ. ಹಗಲೆಲ್ಲ ಲೋಡ್ ಶೆಡ್ಡಿಂಗ್ ಕಾಟ, ಹಾಗಾಗಿ ಪಂಪು ಓಡುತ್ತಿದ್ದದ್ದು ರಾತ್ರಿಯೇ.

ಆ ನೀರಿನ ವಾಸನೆ! ನಮ್ಮದು ಲಿಂಗಾಯತರ ಮನೆ. ಮೀನಿರಲಿ, ಮೊಟ್ಟೆಯ ಸಿಪ್ಪೆಯೂ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ನೀರು ಬಂದು ಕೆಲವು ವಾರಕ್ಕೆಲ್ಲ ಶೆಡ್ಡು ಸತ್ತ ಮೀನಿನ ಬುಟ್ಟಿಯಾಯಿತು. ಪೈಪಿನ ಒಳಗೋಡೆಗೆ ಬೆಳ್ಳಗಿನ ಸಣ್ಣ ಚಿಪ್ಪುಗಳು ಹತ್ತಿಕೊಂಡು ಬೆಳೆದವು. ಬ್ಯಾಟರಿ ಬಿಟ್ಟು ನೋಡಿದರೆ ಅವುಗಳ ಬಾಯಿ ತೆರೆದು, ಒಳಗಿಂದ ಕೂದಲಿನಂಥದ್ದೇನೋ ಆಡುತ್ತಿತ್ತು... ಥೂ! ಮನೆಗೆ ಹೋದರೆ ಹೆಂಡತಿ ಮೂಗು ಮುಚ್ಚಿಕೊಂಡೇ ಬಾಗಿಲು ತೆಗೆಯುತ್ತಿದ್ದಳು. “ಮೊದ್ಲು ಹಿತ್ಲಿಗೆ ಹೋಗಿ ಮೈ ತೊಳಕಂಡು ಬರ್ರಿ!”

ಆ ಚಿಪ್ಪು ಹೆರೆಯುವ ಕೆಲಸ ದಾದಾಪೀರ್ ಭಾಯ್ ಅವರದ್ದು. ಐವತ್ತರ ಪೇಂಟರು, ತೆಳ್ಳನೆಯ ಆಳು, ನನ್ನನ್ನು ತಮ್ಮನಂತೆ ನೋಡುತ್ತಿದ್ದರು. ಪೈಪಿನ ನೀರು ಖಾಲಿ ಮಾಡಿದ ಮೇಲೆ ಕೆಳಗಿನ ಬಾಯಿಂದ ನುಗ್ಗಿ, ಹೆರೆಯುತ್ತಾ ಮೇಲಕ್ಕೆ ತೆವಳಿ, ಬೋಲ್ಟು ಬಿಚ್ಚಿಟ್ಟಿದ್ದ ಮೇಲಿನ ಮುಚ್ಚಳವನ್ನು ಒಳಗಿಂದ ತಳ್ಳಿ ಹೊರಬಿದ್ದು, ಗಾಳಿ ಹೋಗಲೆಂದು ಅದನ್ನು ತೆರೆದೇ ಬಿಟ್ಟು ಏಣಿ ಇಳಿಯುತ್ತಿದ್ದರು. ಆ ಏಣಿ ಗೋಡೆಯ ಆಚೆ, ನನಗೆ ಕಾಣದು. ಕೂಗಿದರೂ ಕೇಳದು. ಅದಕ್ಕೇ ಅವರು ಹೊರಬಂದ ಮೇಲೆ ಸುತ್ತಿಗೆಯಿಂದ ಪೈಪಿಗೆ ಬಡಿಯಬೇಕು. ಆ ಬಡಿತ ಕೇಳಿದರೇ ನಾನು ಕೆಳಗಿನ ಮುಚ್ಚಳ ಬಿಗಿದು ಪಂಪಿನ ಸ್ವಿಚ್ ಒತ್ತುವುದು.

ಪಕ್ಕದ ಶೆಡ್ಡಿನಲ್ಲೂ ರಾತ್ರಿಯಿಡೀ ಸುತ್ತಿಗೆ ಸದ್ದು. ಗೊಂದಲವಾಗಬಾರದೆಂದು ನಾವಿಬ್ಬರೂ ಪ್ರತಿ ಸಲ ಹೊಸ ಲೆಕ್ಕದ ಬಡಿತ ಗೊತ್ತು ಮಾಡಿಕೊಳ್ಳುತ್ತಿದ್ದೆವು. ಆ ದಿನ ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಭಾಯ್ ಲೋಟದಿಂದಲೇ ಮೇಜಿನ ಮೇಲೆ ಕುಟ್ಟಿ ತೋರಿಸಿದರು. “ಎರಡು, ಸ್ವಲ್ಪ ತಡೆದು ಒಂದು. ಮರೀಬ್ಯಾಡ ಬಸಣ್ಣ. ನನ್ ಜೀವ ನಿನ್ ಬೆರಳಾಗೈತೆ.”

“ಮರೆಯೋದು ಹೆಂಗೆ ಭಾಯ್?” ಎಂದು ನಕ್ಕೆ.

ರಾತ್ರಿ ಅವರು ಬ್ಯಾಟರಿ, ಹೆರೆಯುವ ಉಳಿ ಹಿಡಿದು, ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ತೆವಳಿದರು. ನಾನು ಮೂಗಿಗೆ ಟವೆಲು ಕಟ್ಟಿಕೊಂಡು ಬಾಯಿಯ ಪಕ್ಕ ಕೂತೆ. ಕರ... ಕರ... ಕರ... ಸದ್ದು ನಿಧಾನಕ್ಕೆ ದೂರ ಸರಿಯಿತು. ಹೆರೆದ ಚಿಪ್ಪು, ಲೋಳೆ ಎಲ್ಲ ಜಾರಿಕೊಂಡು ಬಂದು ನನ್ನ ಕಾಲ ಬಳಿ ಬೀಳುತ್ತಿತ್ತು. ಕೆಲವು ಇನ್ನೂ ಬಾಯಿ ಆಡಿಸುತ್ತಿದ್ದವು.

ಇದ್ದಕ್ಕಿದ್ದಂತೆ ಕರಕರ ನಿಂತಿತು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ... ಠಣ್, ಠಣ್... ಠಣ್.

ನಮ್ಮದೇ ಬಡಿತ. ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ. ಅಬ್ಬಾ, ಬೇಗ ಮುಗೀತು ಅಂದುಕೊಂಡು ಮುಚ್ಚಳ ಎಳೆದು ಬೋಲ್ಟು ಬಿಗಿದೆ. ಎದ್ದು ಸ್ವಿಚ್ಚಿನ ಕಡೆ ಕೈ ಚಾಚಿದೆ.

ಕೈ ನೋಡಿದೆ... ಮುಚ್ಚಳಕ್ಕೆ ಮೆತ್ತಿದ್ದ ಲೋಳೆ ಅಂಗೈಯಿಂದ ಮೊಣಕೈವರೆಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಕೊಳೆತ ಮೀನಿನ ನಾತ ಟವೆಲು ದಾಟಿ ಗಂಟಲಿಗೇ ಇಳಿಯಿತು. ಆ ಕೈಯನ್ನು ಇನ್ನೊಂದು ಕ್ಷಣವೂ ನನ್ನದೆಂದು ಹೊತ್ತುಕೊಂಡಿರಲು ಆಗಲಿಲ್ಲ. ಪಂಪು ಹಾಳಾಗಿ ಹೋಗಲಿ ಎಂದು ಶೆಡ್ಡಿನ ಹೊರಗಿನ ನಲ್ಲಿಗೆ ಓಡಿದೆ. ಮೊದಲು ವಾಂತಿ ಮಾಡಿಕೊಂಡೆ. ಆಮೇಲೆ ಕೈಯನ್ನು ಮಣ್ಣು ಹಾಕಿ ತಿಕ್ಕತೊಡಗಿದೆ.

ನಲ್ಲಿ ಇದ್ದದ್ದು ಏಣಿಯ ಬುಡದಲ್ಲಿ. ತಲೆ ಎತ್ತಿದೆ. ಏಣಿ ಖಾಲಿ. ಇಳಿದು ಮೆಟ್ಟಿಕೊಳ್ಳಲೆಂದು ಭಾಯ್ ಬಿಟ್ಟಿದ್ದ ಚಪ್ಪಲಿ ಅಲ್ಲೇ ಇತ್ತು. ಮೇಲಿನ ಬಾಯಿ... ಮುಚ್ಚಿಯೇ ಇತ್ತು.

ಅಷ್ಟರಲ್ಲಿ ನನ್ನ ಪಕ್ಕದಲ್ಲೇ, ಪೈಪಿನ ಒಳಗೆ, ಯಾರೋ ಕೆಮ್ಮಿದರು. ಬೀಡಿ ಸೇದುವ ಭಾಯ್ ಅವರದೇ ಒಣ ಕೆಮ್ಮು. ಹಿಂದೆಯೇ... ಕರ... ಕರ...

ಸ್ವಿಚ್ ಒತ್ತಿದ್ದರೆ? ಹೆಂಗೆ ಓಡಿ ಹೋದೆನೋ, ಹೆಂಗೆ ಬೋಲ್ಟು ಬಿಚ್ಚಿದೆನೋ ಗೊತ್ತಿಲ್ಲ. “ಭಾಯ್! ಹೊರಗೆ ಬರ್ರಿ! ಕೆಲ್ಸ ಸಾಕು, ಬರ್ರಿ!”

ಅವರು ಕಾಲು ಮುಂದಾಗಿ ಜಾರಿಕೊಂಡು ಬಂದರು. ಮುಖದಲ್ಲಿ ಬೇಸರ.

“ಯಾಕ ಬಸಣ್ಣ ಹಿಂಗ್ ಕೂಗ್ತೀಯ? ಇನ್ನೂ ಅರ್ಧ ಐತೆ.”

“ಮತ್ತೆ ಬಡಿದಿದ್ಯಾಕೆ?”

“ನಾನೆಲ್ಲಿ ಬಡಿದೆ?” ಸುತ್ತಿಗೆ ಇನ್ನೂ ಸೊಂಟದಲ್ಲೇ ಇತ್ತು.

“ಎರಡು, ತಡೆದು ಒಂದು... ನಮ್ದೇ ಬಡಿತ ಭಾಯ್. ಅದನ್ನ ಕೇಳೇ ಮುಚ್ಚಳ ಹಾಕ್ದೆ. ಸ್ವಿಚ್ಚಿಗೆ ಕೈ ಇಟ್ಟಿದ್ದೆ!”

ಭಾಯ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನನ್ನ ಬಾಯನ್ನೇ ನೋಡಿದರು. ಆಮೇಲೆ ಪಿಸುಗುಟ್ಟಿದರು.

“ನೀನು ಒಳಗೆ ಬಂದಿರ್ಲಿಲ್ಲೇನು?”

“ನಾನಾ? ಆ ಹೊಲಸಿನೊಳಗೆ?”

“ಹಿಂದಿಂದ ನನ್ ಕಾಲು ಹಿಡ್ಕಂಡ್ಯಲ್ಲ... ಕೈ ತಣ್ಣಗಿತ್ತು, ಲೋಳೆ ಲೋಳೆ. ಹೆರೆದಿದ್ದು ಮೆತ್ಕಂಡಿರಬೇಕು ಅಂದ್ಕಂಡೆ. ತಿರುಗಿ ನೋಡಾಕೆ ಜಾಗಿಲ್ಲ. ‘ಭಾಯ್, ಎಷ್ಟು ಬಡೀಬೇಕು ಅಂದ್ರಿ? ಮರ್ತೋತು’ ಅಂತ ಕೇಳ್ದ್ಯಲ್ಲ. ನಿಂದೇ ದನಿ ಬಸಣ್ಣ. ನಿಂದೇ...”

“ನೀವೇನಂದ್ರಿ?”

“ಹೇಳಿಕೊಟ್ಟೆ. ಎರಡು, ತಡೆದು ಒಂದು ಅಂತ. ಆಮೇಲೆ ಬಡಿತ ಕೇಳಿಸ್ತು. ನೀನೇ ಕಲೀತಿದೀಯ ಅಂದ್ಕಂಡು ಸುಮ್ನಾದೆ. ಮುಚ್ಚಳದ ಸದ್ದೂ ಕೇಳಿಸ್ತು. ‘ಮುಚ್ಚಳ ಸರಿ ಮಾಡ್ತಿದೀನಿ, ನೀವು ಕೆಲ್ಸ ಮಾಡ್ರಿ’ ಅಂದ್ಯಲ್ಲ...”

ಅವರ ಕಣಕಾಲಿನ ಸುತ್ತ ಬಳೆಯಂತೆ ಲೋಳೆ ಮೆತ್ತಿತ್ತು. ಅದರಲ್ಲಿ ಆ ಬೆಳ್ಳನೆಯ ಚಿಪ್ಪುಗಳು, ಚರ್ಮಕ್ಕೇ ಕಚ್ಚಿಕೊಂಡು. ಒಂದೊಂದನ್ನೂ ಕಿತ್ತಾಗ ರಕ್ತ ಬಂತು. ನಾನು ಕೀಳುವಾಗ ಭಾಯ್ ಹಲ್ಲು ಕಚ್ಚಿಕೊಂಡು ಕೂತಿದ್ದರು. ಪೈಪಿನ ಬಾಯಿ ನಮ್ಮ ಬೆನ್ನಿಗೆ ತೆರೆದೇ ಇತ್ತು. ಅತ್ತ ತಿರುಗಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಮರುದಿನದಿಂದ ಇಬ್ಬರೂ ಆ ಕಡೆ ಹೋಗಲಿಲ್ಲ. ಮಾಲೀಕರು ಬೈದರು, ನಕ್ಕರು. ಪ್ರಯೋಗವೂ ನಿಂತಿತು ಅಂತ ಆಮೇಲೆ ಯಾರೋ ಹೇಳಿದರು. ಆ ನೀರನ್ನು ಎಲ್ಲಿಗೆ ಬಿಟ್ಟರೋ ಗೊತ್ತಿಲ್ಲ, ಕೇಳುವ ಮನಸ್ಸೂ ಆಗಲಿಲ್ಲ.

ಈಗ ಭಾಯ್ ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಾರೆ. ಕಂಡಾಗ ಚಾ ಕುಡಿಸದೆ ಬಿಡುವುದಿಲ್ಲ. ಆದರೆ ಹಿಂದಿನಿಂದ “ಭಾಯ್” ಎಂದು ಕರೆದರೆ ಮಾತ್ರ ಅವರು ತಿರುಗುವುದಿಲ್ಲ. ಕೈಯಲ್ಲಿದ್ದ ಬ್ರಷ್ಷು ಹಾಗೇ ನಿಂತುಬಿಡುತ್ತದೆ. ನಾನು ಸುತ್ತಿಕೊಂಡು ಹೋಗಿ ಎದುರು ನಿಂತು ಮುಖ ತೋರಿಸಬೇಕು. ಆಮೇಲೇ ಅವರ ಉಸಿರು ಹೊರಗೆ ಬರುವುದು. ನನಗೆ ಕೋಪವಿಲ್ಲ. ಅವರನ್ನು ಕೊಲ್ಲಲು ಬಂದದ್ದು ನನ್ನ ದನಿಯಲ್ಲೇ ಬಂದಿತ್ತು.