ಕೈ ನೋಡಿ ದಾರ ಕೊಡುವ ದಾರದಕ್ಕ

ಬೆಳಗಿನ ಆರೂ ಕಾಲು. ಕೆರೆಯ ಮೇಲೆ ಇನ್ನೂ ಗಾಳಿ ಎದ್ದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತ ಹೆಂಗಸೊಬ್ಬರು ಹದಿಮೂರು ಅಡಿಯ ಗಾಳದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಾರೆ. ಹಳದಿ ದಾರ ನೀರಿನ ಮೇಲೆ ಸುರುಳಿ ಬಿಚ್ಚಿಕೊಳ್ಳುತ್ತಾ ಹೋಗಿ ದೂರದಲ್ಲಿ ಮಲಗುತ್ತದೆ. ನೋಡುವವರಿಗೆ ಅದೇ ಸೊಗಸು, ಅವರಿಗೆ ಮಾತ್ರ ಸಮಾಧಾನವಿಲ್ಲ. ದಡಕ್ಕೆ ಬಂದು, ಜೇಬಿನಿಂದ ಕತ್ತರಿ ತೆಗೆದು, ದಾರದ ಹಿಂತುದಿಯಿಂದ ಒಂದು ಗೇಣು ಕತ್ತರಿಸುತ್ತಾರೆ. ಉಳಿದದ್ದನ್ನು ಅಂಗೈಯಗಲದ ತಕ್ಕಡಿಯ ಮೇಲಿಡುತ್ತಾರೆ. ಮೂವತ್ತೆಂಟು ಗ್ರಾಂ. ಗಂಟು ಹಾಕಿ ಮತ್ತೆ ನೀರಿಗಿಳಿಯುತ್ತಾರೆ.

ದಾರದ ತುದಿಯಲ್ಲಿ ಕೊಕ್ಕೆ ಇಲ್ಲ, ಕೆಂಪು ಉಣ್ಣೆಯ ಒಂದು ಕುಚ್ಚು ಇದೆ ಅಷ್ಟೆ. ಇವರು ಮೀನು ಹಿಡಿಯಲು ಬಂದವರಲ್ಲ. ಹಿಡಿಯುವವರಿಗೆ ದಾರ ಹೊಂದಿಸಿಕೊಡುವುದು ಇವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಗಾಳ ಹಾಕುವವರೆಲ್ಲ ‘ದಾರದಕ್ಕ’ ಎನ್ನುತ್ತಾರೆ. ಕರೆಂಟ್ ಬಿಲ್ಲು ಬಂದಾಗ ಮಾತ್ರ ನನ್ನ ನಿಜವಾದ ಹೆಸರು ನೆನಪಾಗುತ್ತದೆ ಎಂದು ಅವರೇ ನಗುತ್ತಾರೆ.

ಈ ಬಗೆಯ ಗಾಳದಲ್ಲಿ ತುದಿಗೆ ಕಟ್ಟುವುದು ಪುಕ್ಕದಿಂದ ಮಾಡಿದ ಸುಳ್ಳು ನೊಣ. ಅದಕ್ಕೆ ತೂಕವೇ ಇಲ್ಲ, ಕಲ್ಲೆಸೆದ ಹಾಗೆ ಎಸೆಯಲು ಬರುವುದಿಲ್ಲ. ಭಾರವಿರುವುದು ದಾರದಲ್ಲಿ. ಆ ಭಾರಕ್ಕೆ ಕೋಲು ಬಗ್ಗಬೇಕು, ಬಗ್ಗಿದ ಕೋಲು ನೆಟ್ಟಗಾಗುವಾಗ ದಾರ ಹಾರಬೇಕು. ದೊಡ್ಡ ನದಿಗೆ ಬೇಕಾದ ಎರಡು ಕೈ ಕೋಲಿನಲ್ಲಂತೂ ದಾರ ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ. ಕೋಲಿನ ಮೇಲೆ ಕಂಪನಿಯವರು ಒಂದು ನಂಬರು ಬರೆದಿರುತ್ತಾರೆ. ಆ ನಂಬರಿನ ದಾರ ತಂದರೆ ಸಾಲದೇ?

“ಎಂಟು ಅಂತ ಬರೆದಿರೋ ಕೋಲಿಗೆ ಮೂವತ್ತು ಗ್ರಾಮಿನ ದಾರಾನೂ ಸಿಗುತ್ತೆ, ನಲವತ್ತು ಗ್ರಾಮಿಂದೂ ಸಿಗುತ್ತೆ. ಒಂದೇ ನಂಬರಿನ ಚಪ್ಪಲಿ ಇಬ್ಬರ ಕಾಲಿಗೆ ಒಂದೇ ಥರ ಕೂರುತ್ತಾ, ಹೇಳಿ?” ಎನ್ನುತ್ತಾರೆ ದಾರದಕ್ಕ.

ಅವರ ಅಂಗಡಿ ಎರಡು ಕೋಣೆಯದು. ಮುಂದಿನದರಲ್ಲಿ ಅವರ ಭಾವ ಕೋಲು, ರೀಲು ಮಾರುತ್ತಾರೆ. ಹಿಂದಿನದು ಇವರದು. ಗೋಡೆಯಲ್ಲಿ ಸಾಲಾಗಿ ಮೊಳೆಗಳು, ಪ್ರತಿ ಮೊಳೆಗೂ ಒಂದು ತೂಕದ ದಾರ. ಕತ್ತರಿಸಿದ ತುಂಡುಗಳಿಗೆ ಬಿಸ್ಕತ್ತಿನ ಡಬ್ಬ. ಡಬ್ಬ ತುಂಬಿದಾಗ ಅತ್ತೆ ಅದನ್ನು ಮಹಡಿಗೆ ಒಯ್ದು ಕುಂಡದ ಟೊಮೆಟೊ ಗಿಡಗಳಿಗೆ ಕಟ್ಟುತ್ತಾರೆ. ಮೊದಲು ದಿನಕ್ಕೆ ಆರು ಕೋಲು, ಒಂದೊಂದಕ್ಕೂ ನಲವತ್ತು ಎಸೆತ. ಈಗ ಮೂರೇ ಕೋಲು, ಇಪ್ಪತ್ತೇ ಎಸೆತ. ಕಾರಣ ಬಲಭುಜ.

ಎರಡು ವರ್ಷದ ಹಿಂದೆ ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಸ್ಟೂಲು ಜಾರಿತು. ಮೂರು ತಿಂಗಳು ಕೈ ಕೊರಳಿಗೆ ನೇತುಬಿದ್ದಿತ್ತು. ಪಟ್ಟಿ ಬಿಚ್ಚಿದ ಮರುದಿನವೇ ತಮ್ಮ ಮೆಚ್ಚಿನ ಕೋಲು, ಮೂವತ್ತೆರಡು ಗ್ರಾಮಿನ ದಾರ ಹಿಡಿದು ಕೆರೆಗೆ ಬಂದರು.

“ಕೋಲು ಬಗ್ಗಲೇ ಇಲ್ಲ. ದಾರ ಬಂದು ಕಾಲಬುಡದಲ್ಲೇ ಗುಪ್ಪೆಯಾಗಿ ಬಿತ್ತು. ನೋಡ್ತಾ ನಿಂತಾಗ ನೆನಪಾಯ್ತು. ಇದೇ ಗುಪ್ಪೇನ ಇದೇ ಜಾಗದಲ್ಲಿ ನೋಡಿದ್ದೆ. ಡ್ರೈವರಣ್ಣನ ಕಾಲಬುಡದಲ್ಲಿ.”

ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತರಾದವರು. ಒಂಬತ್ತು ವರ್ಷದ ಹಿಂದೆ, ಕೆಲಸ ಬಿಟ್ಟ ವಾರವೇ, ಆಸೆಯಿಂದ ಎರಡು ಕೈ ಕೋಲು ಕೊಂಡಿದ್ದರು. ದಾರದಕ್ಕ ತಾವೇ ಎಸೆದು ನೋಡಿ ಮೂವತ್ತೆರಡು ಗ್ರಾಂ ಕತ್ತರಿಸಿ ಕೊಟ್ಟರು. ಅವರ ಕೈಯಲ್ಲಿ ಅದು ಹಾರಲಿಲ್ಲ. ‘ಇನ್ನೂ ಜೋರಾಗಿ ಎಸೀರಿ’ ಎಂದರು ಇವರು. ಜೋರು ಮಾಡಿದಷ್ಟೂ ದಾರ ಹತ್ತಿರವೇ ಬಿತ್ತು. ಒಂದು ತಿಂಗಳು ಒದ್ದಾಡಿ, ಕೊನೆಗೆ ಕೋಲನ್ನು ಅಟ್ಟಕ್ಕೆ ಹಾಕಿದರು.

ಪಟ್ಟಿ ಬಿಚ್ಚಿ ಕೆರೆಗೆ ಹೋಗಿಬಂದ ಆ ಸಂಜೆ ಊಟದ ಹೊತ್ತಿಗೆ ದಾರದಕ್ಕ ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡರು. ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ಕೇಳಿ ಒಂದೇ ಮಾತು ಹೇಳಿದರಂತೆ: “ಅಲ್ಲ ಕಣೆ, ಬಂದವರಿಗೆಲ್ಲ ನಿನ್ನ ಮೈ ಅಳತೇಲೇ ಅಂಗಿ ಹೊಲಿದು ಕೊಟ್ಟಿದ್ದೀಯಲ್ಲ!”

ಹೇಳಿ ಅತ್ತೆ ನಕ್ಕರು. ಸೊಸೆಗೆ ಆಗ ಹೊಳೆಯಿತು. ಚುರುಕಾದ, ಗಟ್ಟಿಮುಟ್ಟಾದ ತಮ್ಮ ಕೈಗೆ ಹಗುರ ದಾರ ಸಾಕಾಗುತ್ತಿತ್ತು. ನಿಧಾನದ ಕೈಗೆ ಭಾರದ ದಾರ ಬೇಕು, ಆಗ ಕೋಲು ತಾನಾಗಿ ಬಗ್ಗುತ್ತದೆ. ಇಪ್ಪತ್ತು ವರ್ಷ ಊರಿನ ಕೈಗಳನ್ನೆಲ್ಲ ತಮ್ಮ ಮೂಗಿನ ನೇರಕ್ಕೇ ಅಳೆದಿದ್ದರು.

ಮರುದಿನ ಹಳೆಯ ಪುಸ್ತಕ ತೆಗೆದರು. ಅರವತ್ಮೂರು ಹೆಸರು. ಪ್ರತಿಯೊಂದರ ಮುಂದೆ ಕೋಲಿನ ಉದ್ದವಿದೆ, ದಾರದ ತೂಕವಿದೆ, ಕೈಯ ಬಗ್ಗೆ ಒಂದಕ್ಷರವಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ ‘ತಪ್ಪು ನನ್ನದು, ದಾರ ವಾಪಸು ತನ್ನಿ’ ಎಂದರು. ಅಂಗಡಿಯ ಮರ್ಯಾದೆ ಏನಾಗಬೇಕು ಎಂದು ಭಾವ ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದರಂತೆ. ನಲವತ್ತೊಂದು ಜನ ತಂದರು. ಇಪ್ಪತ್ತೊಂದು ಜನ ನಮಗಿದೇ ಸರಿಯಾಗಿದೆ ಎಂದರು. ಉಳಿದವರು ಡ್ರೈವರಣ್ಣ ಒಬ್ಬರೇ. “ಆ ವಿದ್ಯೆ ನನ್ನ ಕೈಗೆ ಹತ್ತಲಿಲ್ಲ, ಬಿಡಮ್ಮ” ಎಂದು ಎರಡು ಸಲ ಫೋನಿಟ್ಟಿದ್ದಾರೆ.

ಈಗ ದಾರದಕ್ಕ ಕೋಲಿಗಿಂತ ಮೊದಲು ಜನರನ್ನು ನೋಡುತ್ತಾರೆ. ಚೀಲ ಹೇಗೆ ಇಳಿಸುತ್ತಾರೆ, ಬಾಗಿಲು ಹೇಗೆ ಮುಚ್ಚುತ್ತಾರೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಇವರ ಬಗ್ಗೆ ಬರೆಯಲು ಬಂದ ನಾನು, ನನ್ನ ಕೈ ಎಂಥದ್ದು ಎಂದು ಕೇಳಿದೆ.

“ನೀವು ನಿನ್ನೆ ಅಂಗಡಿ ಬಾಗಿಲು ದಬ್ಬಿಕೊಂಡು ಬಂದ್ರಿ. ಮೂವತ್ಮೂರು ಗ್ರಾಂ ಸಾಕು.”

ಇವತ್ತಿನ ಮೂವತ್ತೆಂಟು ಗ್ರಾಂ ಡ್ರೈವರಣ್ಣನಿಗಾಗಿಯೇ. ಅವರ ಹೆಂಡತಿ ಅಟ್ಟ ಗುಡಿಸುವಾಗ ಕೋಲು ಕಂಡು, ಒಂದೋ ಇದನ್ನು ಹಿಡಿದು ಕೆರೆಗೆ ಹೋಗಿ ಇಲ್ಲ ಮಾರಿ ಎಂದು ಪಟ್ಟು ಹಿಡಿದ ಮೇಲೆ ಡ್ರೈವರಣ್ಣ ಬರಲು ಒಪ್ಪಿದ್ದಾರೆ. ಬರದಿದ್ದರೆ? “ಅರವತ್ತೆರಡು ಸರಿಯಾಗಿದೆ ಅಂತ ಹೇಳ್ಕೋಬಹುದು. ಆದ್ರೆ ಅವರು ಮನೇಲಿ ಕೂತು ತಮ್ಮ ಕೈ ಸರಿಯಿಲ್ಲ ಅಂತಾನೇ ಅಂದ್ಕೊಂಡಿರ್ತಾರಲ್ಲ” ಎನ್ನುವಾಗ ದಾರದಕ್ಕನ ದನಿ ಸಣ್ಣದಾಗುತ್ತದೆ.

ಏಳೂವರೆಗೆ ಹೇಳಿದವರು ಎಂಟಕ್ಕೆ ಬರುತ್ತಾರೆ. ಬೆಳ್ಳಗಿನ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ನಗುವಿಲ್ಲ. ಕಾರಿನ ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚುತ್ತಾರೆ. ದಾರದಕ್ಕ ನನ್ನತ್ತ ಒಮ್ಮೆ ನೋಡುತ್ತಾರೆ.

ದಾರದಕ್ಕ ಕೋಲನ್ನು ಅವರ ಕೈಗೆ ಕೊಡುತ್ತಾರೆ. ಮೊದಲ ಎಸೆತ ಗುಪ್ಪೆ. ಎರಡನೆಯದೂ ಅಷ್ಟೆ. ಹಳೆಯ ಅಭ್ಯಾಸ, ಹಲ್ಲು ಕಚ್ಚಿ ಬೀಸುತ್ತಿದ್ದಾರೆ. “ಹೇಳಿದ್ನಲ್ಲಮ್ಮ” ಎಂದು ಕೋಲು ಇಳಿಸುತ್ತಾರೆ.

“ಅಣ್ಣಾ, ತಿರುವಿನಲ್ಲಿ ಸ್ಟೇರಿಂಗ್ ಜಗ್ತಿದ್ರಾ?”

“ಜಗ್ಗಿದ್ರೆ ನಿಂತಿರೋರೆಲ್ಲ ಬೀಳ್ತಾರೆ. ನಿಧಾನಕ್ಕೆ ತಿರುಗಿಸಬೇಕು.”

“ಇದ್ರಲ್ಲೂ ಜನ ನಿಂತಿದ್ದಾರೆ ಅಂದ್ಕೊಳ್ಳಿ. ಜೋರು ಬೇಡ. ಜೋರು ಮಾಡಿ ಅಂದದ್ದು ನನ್ನ ತಪ್ಪು.”

ಮೂರನೆಯದು ಅರ್ಧ ದೂರ ಹೋಗುತ್ತದೆ. ನಾಲ್ಕನೆಯದಕ್ಕೆ ಅವರು ಕೋಲನ್ನು ಅವಸರವಿಲ್ಲದೆ ತಿರುಗಿಸುತ್ತಾರೆ. ಕೋಲು ಹಿಡಿಯ ತನಕ ಬಗ್ಗುತ್ತದೆ. ದಾರ ಸುರುಳಿ ಬಿಚ್ಚುತ್ತಾ, ಬಿಚ್ಚುತ್ತಾ ಹೋಗಿ, ಕೆಂಪು ಕುಚ್ಚು ಕೆರೆಯ ನಡುವೆ ಸದ್ದಿಲ್ಲದೆ ಇಳಿಯುತ್ತದೆ. ಇನ್ನೊಂದು ಗೇಣು ಕತ್ತರಿಸಲೆಂದು ಕೈಯಲ್ಲಿ ಹಿಡಿದಿದ್ದ ಕತ್ತರಿಯನ್ನು ದಾರದಕ್ಕ ಜೇಬಿಗೆ ಹಾಕಿಕೊಳ್ಳುತ್ತಾರೆ.

ಡ್ರೈವರಣ್ಣ ಆ ಕುಚ್ಚನ್ನೇ ನೋಡುತ್ತಾರೆ. “ಒಂಬತ್ತು ವರ್ಷ ನನ್ನ ಕೈಯನ್ನೇ ಬೈದುಕೊಂಡೆ” ಎನ್ನುತ್ತಾರೆ, ತಿರುಗದೆ.

“ಬೈಯೋದಿದ್ರೆ ನನ್ನ ಬೈರಿ ಅಣ್ಣಾ. ಅದಕ್ಕೇ ಕರೆಸಿದ್ದು.”

“ಬೈತೀನಿ, ತಡಿಯಮ್ಮ” ಎಂದು ಅವರು ದಾರ ಎಳೆದುಕೊಳ್ಳುತ್ತಾರೆ. “ಇನ್ನೊಂದು ಸಲ ಎಸೀತೀನಿ.”