ಬೀಶ್ಯಾಳ ಗುಲಾಬಿ ಕವಚ

ತೈನಾನ್ ನಗರದ ನಮ್ಮ ಓಣಿಯಲ್ಲಿ ಲಿಯಾವ್ ಬೀಶ್ಯಾಳಿಗೆ ಮೈಕಿನ ಅಗತ್ಯ ಎಂದೂ ಬಿದ್ದದ್ದಿಲ್ಲ. ತನ್ನ ಮೀನಿನ ಸಾರಿನ ಅಂಗಡಿಯ ಒಲೆ ಮುಂದೆ ನಿಂತು "ಶುಂಠಿ ಜಾಸ್ತಿ ಹಾಕ್ಲಾ?" ಎಂದು ಅವಳು ಕೇಳಿದರೆ, ಪಕ್ಕದ ಓಣಿಯಲ್ಲಿ ಹಲ್ಲುಜ್ಜುತ್ತಿದ್ದವರು "ಬೇಡ" ಎನ್ನುತ್ತಿದ್ದರು. ಗಂಡ ಕುನ್‌ಹೋ ಮೂಲೆಯಲ್ಲಿ ಕೂತು ಮೀನಿನ ಮುಳ್ಳು ತೆಗೆಯುವವನು. ಮದುವೆಯಾದ ದಿನವೇ ಮಾತಿನ ಖಾತೆಯನ್ನು ಪೂರ್ತಿಯಾಗಿ ಹೆಂಡತಿಗೆ ಬಿಟ್ಟುಕೊಟ್ಟ ಪುಣ್ಯಾತ್ಮ. ಚರಂಡಿ ಕಟ್ಟಿಕೊಂಡರೂ, ಬೀದಿದೀಪ ಕೆಟ್ಟರೂ, ಅತ್ತೆ ಸೊಸೆ ಮಾತು ಬಿಟ್ಟರೂ ಜನ ವಾರ್ಡಿನ ಮುಖ್ಯಸ್ಥ ಹುಂಗ್‌ನ ಬಳಿ ಹೋಗದೆ ಈ ಅಂಗಡಿಗೇ ಬರುತ್ತಿದ್ದರು.

ಹಾಗಾಗಿ ಐವತ್ತು ದಾಟಿದ ಮೇಲೆ ಅವಳು ಹುಂಗ್‌ನ ವಿರುದ್ಧ ಚುನಾವಣೆಗೆ ನಿಂತಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಅವಳು ತರಬೇತಿಗೆ ಸೇರಿದಾಗ. ಮಹಿಳಾ ನಾಯಕಿಯರಿಗೆ ಪರಿಣಾಮಕಾರಿ ಮಾತು ಮತ್ತು ಸ್ವಂತ ಬ್ರಾಂಡ್ ಕಟ್ಟಿಕೊಳ್ಳುವ ಕಲೆ ಕಲಿಸಲು ತೈಪೆಯಿಂದ ಮಿಸ್ ಫಾಂಗ್ ಬಂದಿದ್ದರು.

"ಅಕ್ಕಾ, ನಿಮ್ಮದು ಮಾತಲ್ಲ, ಕೂಗು," ಎಂದರು ಮಿಸ್ ಫಾಂಗ್. "ಜನ ನೆನಪಿಟ್ಕೊಳ್ಳೋಕೆ ಒಂದು ಬಣ್ಣ, ಒಂದು ನಗು, ಒಂದು ವಾಕ್ಯ ಸಾಕು. ಯಾರನ್ನ ಬಿಟ್ಟು ಹೊರಡುವಾಗಲೂ ಆ ವಾಕ್ಯ ಬಾಯಿಗೆ ತಾನಾಗೇ ಬರಬೇಕು."

ಬಂತು. ಕಣ್ಣು ಕುಕ್ಕುವ ಗುಲಾಬಿ ಬಣ್ಣದ, ಬೆನ್ನ ಮೇಲೆ ಹೆಸರನ್ನೂ ಆ ವಾಕ್ಯವನ್ನೂ ಹೊತ್ತ ತೋಳಿಲ್ಲದ ಅಂಗಿಯೆಂಬ ಕವಚ ಬಂತು. ಹಲ್ಲು ಕಾಣುವ ನಗು ಬಂತು. ಆ ನಗು ಅಚ್ಚಾದ ಟಿಶ್ಯೂ ಪೊಟ್ಟಣಗಳು ಮನೆಮನೆಗೆ ಹೋದವು. ವಾಕ್ಯವನ್ನು ಅವಳು ಬುಟ್ಟಿಯ ಮೀನುಗಳೆದುರು ಅಭ್ಯಾಸ ಮಾಡಿದಳು: "ಮತ್ತೆ ಸಿಗೋಣ! ಕರೆದರೆ ಬಂದಳು ಬೀಶ್ಯಾ!"

"ಮೀನಿಗೆ ವೋಟಿಲ್ಲ ಕಣೆ," ಎಂದ ಕುನ್‌ಹೋ. ಆ ವರ್ಷ ಅಲ್ಲಿಯವರೆಗೆ ಅವನಾಡಿದ ಅತಿ ಉದ್ದದ ಮಾತು ಅದು.

ಅದೇ ಹೊತ್ತಿಗೆ ಓಣಿಯ ತುದಿಯ ತ್ಸಾಯ್ ಅಜ್ಜ ತೀರಿಕೊಂಡರು. ಮನೆ ಮುಂದೆ ಚಪ್ಪರ ಎದ್ದಿತು, ಅದರಡಿ ಮೇಜು ಹಾಕಿದರು. ಮಣ್ಣು ಮಾಡುವ ದಿನದವರೆಗೂ ನೆರೆಯವರು ಆ ಮೇಜಿನ ಸುತ್ತ ಕೂತು ಹಳದಿ ಕಾಗದದ ತಾವರೆ ಮಡಿಸಬೇಕು. ಅವು ಸತ್ತವರ ಜೊತೆಗೆಂದು ಬೆಂಕಿಗೆ ಹೋಗುತ್ತವೆ. ಯಾರ ಮನೆಯ ಸಾವಿಗೂ ಆ ಮೇಜಿನ ಮುಖ್ಯ ಜಾಗದಲ್ಲಿ ಕೂರುತ್ತಿದ್ದವಳು ಬೀಶ್ಯಾ. ಈ ಸಲ ಅವಳಿಗೆ ಬಿಡುವಿರಲಿಲ್ಲ: ತರಬೇತಿ, ಫೋಟೊ, ಟಿಶ್ಯೂ.

ಏಳನೆಯ ದಿನ ಬಂದಳು. ನೆಟ್ಟಗೆ ಪ್ರಚಾರದಿಂದ ಬಂದದ್ದರಿಂದ ಕವಚ ಮೈಮೇಲೇ ಇತ್ತು. ಬಿಳಿ, ಕಪ್ಪು ಬಟ್ಟೆಗಳ ನಡುವೆ ಗುಲಾಬಿ ರಥವೊಂದು ನುಗ್ಗಿದಂತೆ ನುಗ್ಗಿ, ಊದುಬತ್ತಿ ಹಚ್ಚಿ ಮೂರು ಸಲ ಬಾಗಿದಳು. ಅಜ್ಜನ ಹೆಂಡತಿ, ಓಣಿಗೆಲ್ಲ ಅಜ್ಜಿಯಾದ ತ್ಸಾಯ್ ಆಮಾಳ ಎರಡೂ ಕೈ ಹಿಡಿದಳು. ಬೀಶ್ಯಾಳ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ. ಆಮೇಲೆ ಹೊರಡಲು ತಿರುಗಿದಳು. ತರಬೇತಿ ಪಡೆದ ಬಾಯಿ ಒಡತಿಯನ್ನು ಕೇಳದೆ ತೆರೆಯಿತು.

"ಮತ್ತೆ ಸಿಗೋಣ! ಕರೆದರೆ ಬಂದಳು ಬೀಶ್ಯಾ!"

ಮಂತ್ರ ಹೇಳುತ್ತಿದ್ದ ಸನ್ಯಾಸಿನಿಯ ಮರದ ಗಂಟೆ ನಿಂತಿತು. ಸಾವಿನ ಮನೆಯಿಂದ ಹೇಳದೆ ಎದ್ದು ಹೋಗಬೇಕು. ಅಲ್ಲಿ ಮತ್ತೆ ಸಿಗೋಣ ಎಂದರೆ ಇನ್ನೊಂದು ಹೆಣ ಬೀಳಲಿ ಎಂದು ಹಾರೈಸಿದಂತೆ; ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಅದು ಗೊತ್ತು. ತಾವರೆ ಮಡಿಸುತ್ತಿದ್ದ ಹುಂಗ್ ಮಾತ್ರ ತಲೆಯೆತ್ತದೆ, "ಅಷ್ಟು ಅವಸರ ಯಾರಿಗೂ ಇಲ್ಲ, ತಾಯಿ," ಎಂದ.

ನಮ್ಮ ವೀರವನಿತೆ ಮರುದಿನ ಒಲೆ ಹಚ್ಚಲಿಲ್ಲ. ಸಂಜೆ ಕಸದ ಗಾಡಿ ಹಾಡುತ್ತ ಬಂದಾಗ ಓಣಿಯೆಲ್ಲ ಚೀಲ ಹಿಡಿದು ಸೇರಿತು, ಅವಳು ಮಹಡಿಯಿಂದ ಇಳಿಯಲಿಲ್ಲ. ಕುನ್‌ಹೋ ಹೋಗಿ ಬಂದ.

"ಏನಂದ್ರು?"

"ಏನಿಲ್ಲ."

"ನಿಜ ಹೇಳಿ."

"ಹೊರಡುವಾಗ ಎಲ್ಲರೂ ಮತ್ತೆ ಸಿಗೋಣ ಅಂದ್ರು."

ಅವಳು ದಿಂಬಿನಲ್ಲಿ ಮುಖ ಹೂತಳು. ಕಿಟಕಿಯಾಚೆ ಕಂಬದ ಮೇಲಿನ ಬ್ಯಾನರಿನಲ್ಲಿ ಅವಳದೇ ಮುಖ ಹಲ್ಲು ಕಿರಿಯುತ್ತಿತ್ತು. ಎದ್ದು ಪರದೆ ಎಳೆದಳು. ಚುನಾವಣೆ ಹೋದರೆ ಹೋಗಲಿ. ಆ ಮುದುಕಿಯ ಮುಖವನ್ನು ಇನ್ನು ನೋಡುವುದು ಹೇಗೆ?

ಕೆಟ್ಟ ಮಾತಿನ ದೋಷ ಕಳೆಯಲು ನಮ್ಮಲ್ಲಿ ಹಂದಿಕಾಲು ಹಾಕಿದ ಎಳೆ ಶಾವಿಗೆ ಒಯ್ದು ಕೊಡುತ್ತಾರೆ. ಮೂರನೆಯ ದಿನ ಮಧ್ಯಾಹ್ನ ಬೀಶ್ಯಾ ಮಾಸಿದ ಕಪ್ಪು ಅಂಗಿ ತೊಟ್ಟು, ಪಾತ್ರೆ ಹಿಡಿದು, ಗೋಡೆಗೆ ಅಂಟಿಕೊಂಡೇ ನಡೆದು ಚಪ್ಪರ ತಲುಪಿದಳು.

"ಗುಲಾಬಿ ಅಂಗಿ ಎಲ್ಲೇ?" ಎಂದಳು ಆಮಾ.

"ಒಗೆಯೋಕೆ ಹಾಕಿದೀನಿ."

"ಬಾಯಿ?"

ಓಣಿಯ ಮಹಾಧ್ವನಿ ಪಾತ್ರೆಯನ್ನು ಮೇಜಿನ ಮೇಲಿಟ್ಟಿತು. "ತಪ್ಪಾಯ್ತು ಆಮಾ," ಎಂದದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

"ಆ ಮಾತಿಗೆ ನಂಗೆ ಸಿಟ್ಟಿಲ್ಲ. ಈ ವಯಸ್ಸಿಗೆ ನನ್ನ ಸರದಿ ನೀನು ಕರೆದ್ರೂ ಬರುತ್ತೆ, ಬಿಟ್ರೂ ಬರುತ್ತೆ. ಆದ್ರೆ ಕರೆದರೆ ಬರ್ತೀನಿ ಅಂತ ಬೆನ್ನ ಮೇಲೆ ಬರೆಸ್ಕೊಂಡ್ಯಲ್ಲ? ಹೂ ಮಡಿಸೋಕೆ ಬಾ ಅಂತ ಎರಡು ಸಲ ಹೇಳಿ ಕಳಿಸ್ದೆ. ಬಂದಿದ್ದು ಟಿಶ್ಯೂ."

ಆಮಾ ಮೇಜಿನ ಮೇಲಿನ ಪೊಟ್ಟಣದಿಂದ ಒಂದನ್ನು ಎಳೆದು ಸದ್ದು ಮಾಡುತ್ತ ಮೂಗು ಒರೆಸಿಕೊಂಡಳು. ಪೊಟ್ಟಣದ ಮೇಲೆ ಬೀಶ್ಯಾ ನಗುತ್ತಿದ್ದಳು. ಮೇಜಿನ ಸುತ್ತ ಎಲ್ಲರೂ ಒಂಬತ್ತು ದಿನದಿಂದ ಆ ನಗುವಿನಿಂದಲೇ ಕಣ್ಣೊರೆಸಿಕೊಂಡಿದ್ದರು. ಬಾಯಿ ಜಾರಿದ್ದಕ್ಕೆ ಕೆಂಪಾಗಿದ್ದ ಬೀಶ್ಯಾಳ ಮುಖ ಈಗ ಬೇರೆಯದಕ್ಕೇ ಕೆಂಪಾಯಿತು. ಅದಕ್ಕೆ ಹಂದಿಕಾಲಿನಲ್ಲಿ ಪರಿಹಾರವಿರಲಿಲ್ಲ.

"ಕೂರು," ಎಂದಳು ಆಮಾ.

ಮೇಜಿನ ಮುಖ್ಯ ಜಾಗದಲ್ಲಿ ಹುಂಗ್ ಕೂತಿದ್ದ. ಅವನ ತಾವರೆಗಳು ಎಲೆಕೋಸಿನಂತಿದ್ದವು, ಆದರೆ ರಾಶಿ ಇದ್ದವು. ಬೀಶ್ಯಾ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಮಡಿಸತೊಡಗಿದಳು. ಮೊದಲ ಹೂವನ್ನು ಆಮಾ ಬಿಚ್ಚಿ, ಹಾಳೆಯನ್ನು ಅವಳ ಮುಂದೆ ಇಟ್ಟಳು. ಬೀಶ್ಯಾ ಮತ್ತೆ ಮಡಿಸಿದಳು.

ಸಂಜೆ ಕಸದ ಗಾಡಿಯ ಹಾಡು ಕೇಳಿದಾಗ ಎದ್ದಳು. ಚಾಳಿಯಂತೆ ಬಾಯಿ ಅರ್ಧ ತೆರೆಯಿತು. ಮೇಜಿನ ಅಷ್ಟೂ ಕೈಗಳು ಗಾಳಿಯಲ್ಲೇ ನಿಂತವು. ಅವಳು ಬಾಯಿ ಮುಚ್ಚಿ ತಲೆ ತಗ್ಗಿಸಿದಳು.

"ನಾಳೆ ಬರೋಳೇ ಆದ್ರೆ ಕನ್ನಡಕ ತಗೊಂಡ್ಬಾ," ಎಂದಳು ಆಮಾ, ಹೂವಿನತ್ತಲೇ ನೋಡುತ್ತ. "ನಿನ್ನ ಹೂವಿನ ಅಂಚು ಕೂಡ್ತಿಲ್ಲ."

ಬೀಶ್ಯಾ ಏನೂ ಹೇಳದೆ ಹೊರಟುಹೋದಳು. ಒಗೆಯಲು ಹಾಕಿದ ಅಂಗಿಯ ಬಣ್ಣವೆಲ್ಲ ಅವಳ ಕಿವಿಗಳಿಗೇ ಹತ್ತಿದಂತಿತ್ತು.