ಹುಲ್ಲು ತುಂಬಿದ ಕರು

ಮುಂಬಯಿಯ ಮುಲುಂಡಿನಲ್ಲಿ ಮನೆ ಮಾಡಿದ ಹೊಸತರಲ್ಲಿ, ಐವತ್ತರ ದಶಕದ ನಡುವೆ ಎಲ್ಲೋ, ನಾನು ಒಂದು ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ತತ್ತ್ವಶಾಸ್ತ್ರ ಓದಿ ಬಿ.ಎ. ಮಾಡಿದವಳು ಬರೆಯುವ ಮಾತಲ್ಲ ಇದು. ಆದರೆ ಅದಕ್ಕೆ ಬೇರೆ ಹೆಸರು ಸಿಕ್ಕಿಲ್ಲ.

ಹೆರಿಗೆಯ ನಂತರದ ಜ್ವರದಲ್ಲಿ ನನ್ನ ಎದೆಹಾಲು ಬತ್ತಿತ್ತು. ಸ್ಟೇಷನ್ನಿನಾಚೆ ಎಮ್ಮೆ ಕಟ್ಟುವ ತಬೇಲವಿತ್ತು. ಡಬ್ಬದ ಹಾಲು ಒಗ್ಗದ ಮಗುವಿಗೆ ಅಲ್ಲಿಯ ಒಂದು ಎಮ್ಮೆಯ ಹಾಲು ಒಗ್ಗಿತ್ತು. ಒಂದು ಭಾನುವಾರ ಹಾಲಿಗೆ ಹೋದ ನನ್ನ ಗಂಡ ಬರಿ ಕ್ಯಾನು ಹಿಡಿದು ವಾಪಸು ಬಂದರು. ಎಮ್ಮೆಯ ಕರು ಸತ್ತಿತ್ತಂತೆ. ಹಾಲಿನ ಭೈಯಾ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ, ಅದು ನೆಕ್ಕುತ್ತಿರುವಾಗ ಹಾಲು ಕರೆಯುತ್ತಿದ್ದನಂತೆ.

"ತಾಯಿಗೆ ಮೋಸ ಮಾಡಿ ಕರೆದ ಹಾಲು. ಅದರ ಮೇಲೆ ನಮಗೇನು ಹಕ್ಕು?" ಎಂದರು.

"ಬೇರೆ ಎಮ್ಮೇದು ತರಬೇಕಿತ್ತು."

"ಅದು ಅದರ ಕರುವಿನ ಪಾಲಲ್ವೇನೆ?"

"ನಿಮ್ಮ ಮಗೂದು ಯಾವ ಪಾಲು ಹಾಗಾದ್ರೆ?"

ಅವರ ಕಣ್ಣು ಒದ್ದೆಯಾಗಿತ್ತು. ಅಥವಾ ಆ ಒದ್ದೆಯನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ. ನನ್ನ ಜ್ವರದ ದಿನ ಮಾತ್ರ ಚೆನ್ನಾಗಿ ನೆನಪಿದೆ: "ಡಬ್ಬದ ಹಾಲು ತರ್ತೀನಿ ಬಿಡು" ಎಂದು ಬಾಗಿಲಲ್ಲೇ ಹೇಳಿ, ವಿಕ್ರೋಳಿಯ ಆಫೀಸಿಗೆ ಲೋಕಲ್ ಹಿಡಿಯಲು ಓಡಿದ್ದರು.

ವಾದ ಅವರದೇ ಸರಿ. ಎಮ್ಮೆಗೆ ಮಾಡಿದರೂ ಮೋಸ ಮೋಸವೇ. ಆದರೆ ಮಧ್ಯಾಹ್ನದ ಹೊತ್ತಿಗೆ ಮಗು ಗಂಜಿನೀರು ಉಗುಳಿ ಕಿರುಚತೊಡಗಿತು. ಅವರು ಮತ್ತೆ ತಬೇಲಕ್ಕೆ ಹೋಗಿ, ಹುಲ್ಲಿನ ಕರು ತೆಗೆದುಬಿಡು, ಎಮ್ಮೆಯನ್ನು ನಾನು ಒಲಿಸುತ್ತೇನೆ ಎಂದರಂತೆ.

"ಸಾಬ್, ಫಿರ್ ಆಪ್ ಹೀ ಬಚ್ಚಾ ಬನೋ," ಎಂದು ಭೈಯಾ ನಕ್ಕನಂತೆ.

ಇವರು ನಿಜಕ್ಕೂ ಕರುವಾದರು. ಎಮ್ಮೆ ಮೊದಮೊದಲು ಒದೆಯಿತು, ಬಂದ ಹಾಲು ಮಗುವಿಗೂ ಸಾಲಲಿಲ್ಲ. ಇವರು ಬಿಡಲಿಲ್ಲ. ದಿನಾ ಬೆಳಿಗ್ಗೆ ತೌಡು ತಿನ್ನಿಸಿ, ಕುತ್ತಿಗೆ ನೇವರಿಸಿ, ಕೊನೆಗೆ ಅದು ತಾನಾಗಿ ಹಾಲಿಳಿಸಿ ಸೊರೆ ಬಿಡುವಂತೆ ಮಾಡಿದರು. ಮಗುವಿನ ಕೆನ್ನೆ ತುಂಬಿತು.

ಒಮ್ಮೆ ನೋಡಲು ಹೋದೆ. "ಸ್ವಲ್ಪ ಕಣಮ್ಮ, ಇನ್ನು ಸ್ವಲ್ಪ," ಎಂದು ಇವರು ಅದರ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು. ಅದು ಕಣ್ಣು ಮುಚ್ಚಿ ನಿಂತಿತ್ತು. ನನ್ನ ಮಗುವನ್ನು ಉಳಿಸಿದ ಪ್ರಾಣಿ. ಅದಕ್ಕೊಂದು ಏಟು ಹಾಕಬೇಕೆನಿಸಿತು.

ದಾರಿಯಲ್ಲಿ ಕೇಳಿಯೇಬಿಟ್ಟೆ. "ನನ್ನ ಪಕ್ಕದಲ್ಲೂ ಹೀಗೆ ಕೂತಿದ್ದಿದ್ರೆ, ನನಗೂ ಹಾಲು ಉಳೀತಿತ್ತೇನೋ."

ಅವರು ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಆಗ ನನಗೆ ಗೊತ್ತಿರಲಿಲ್ಲ ಕಣೆ."

"ಈಗ ಅವಳು ಕಲಿಸಿದಳೋ?"

ಮನೆಗೆ ಬಂದು ನಾನು ಹಾಲು ಕಾಯಿಸುತ್ತಿದ್ದಾಗ ಅವರು ಹಿಂದಿನಿಂದ ಬಂದು ಬೆನ್ನ ಮೇಲೆ ಕೈಯಿಟ್ಟರು. ಎಮ್ಮೆಗೆ ಕೊಟ್ಟು ಮಿಕ್ಕದ್ದು ನನಗೆ ಬೇಡ ಎಂದೆ. ಕೈ ತೆಗೆಯಿರಿ ಎಂದು ಮಾತ್ರ ಹೇಳಲಿಲ್ಲ.